ಕೊನೆಯ ತೂಬಿನವರೆಗೆ

ಹನ್ನೆರಡು ಗಂಟೆಗೆ ಕೊಣನೂರಿನ ಹಾಲಿನ ಸಂಘದವರು ಬರುತ್ತಾರೆ. ಅಷ್ಟರೊಳಗೆ ಅವರ ಹಾಲಿನ ಲೆಕ್ಕದ ಸಾಫ್ಟ್‌ವೇರಿನ ತಪ್ಪು ಸರಿಹೋಗದಿದ್ದರೆ ಆ ಕೆಲಸ ಮೈಸೂರಿನ ಕಂಪನಿಯ ಪಾಲು. ಹಾಸನದಲ್ಲೇ ಕೂತು ಮಾಡಿ ತೋರಿಸುತ್ತೇನೆಂದು ಎಲ್ಲರೆದುರು ಎದೆ ತಟ್ಟಿಕೊಂಡವಳು ಧನ್ಯಾ. ಈಗ ಆ ಮಾತು ಉಳಿಯಬೇಕು.

ತಪ್ಪೇನು ಮಹಾ? ಬೆಳಗಿನ ಹಾಲು ಸಂಜೆಯ ಕಾಲಮ್ಮಿನಲ್ಲಿ ಕೂರುತ್ತಿತ್ತು. ಬೆಳಗು-ಸಂಜೆ ಬೇರ್ಪಡಿಸುವ ಕೋಡು ಎಲ್ಲೆಲ್ಲಿ ಬಳಕೆಯಾಗಿದೆಯೋ ಅಲ್ಲೆಲ್ಲ ತಿದ್ದಬೇಕು, ಒಂದು ಬಿಟ್ಟರೂ ಕೆಟ್ಟಿತು. ಅದನ್ನು ಹುಡುಕಿಕೊಡಬೇಕಾದರೆ ಕಂಪ್ಯೂಟರು ಅವಳ ಕೋಡನ್ನೂ, ಹೊರಗಿನಿಂದ ತಂದುಕೊಂಡ ಸಿದ್ಧ ಕೋಡಿನ ನೂರಾರು ಲೈಬ್ರರಿಗಳನ್ನೂ ತನ್ನ ಪಾಡಿಗೆ ತಾನು ಓದಿ ಸೂಚಿ ಮಾಡಿಕೊಳ್ಳಬೇಕು. ಇಂಡೆಕ್ಸಿಂಗ್ ಎನ್ನುತ್ತಾರೆ. ವಾರವಾದರೂ ಅದು ಮುಗಿದಿರಲಿಲ್ಲ. ಅರವತ್ತು ಪರ್ಸೆಂಟು ಮುಟ್ಟುವುದು, ಧನ್ಯಾ ಕಾಫಿಗೋ ಊಟಕ್ಕೋ ಹೋಗಿ ಬಂದರೆ ಮತ್ತೆ ಸೊನ್ನೆ.

"ಅದನ್ನ ಆಫ್ ಮಾಡಮ್ಮ, ನಿನ್ನೆ ನಾನು ಕಣ್ಣಲ್ಲೇ ಹುಡುಕಿ ಹನ್ನೊಂದು ಜಾಗ ಗುರುತು ಹಾಕಿಲ್ವಾ?" ಎಂದ ಆಫೀಸಿನ ಯಜಮಾನ ಕೀರ್ತಿರಾಜ್.

"ಕಣ್ಣಿಗೆ ಒಂದಾದ್ರೂ ತಪ್ಪೋಗುತ್ತೆ ಸಾ. ಹನ್ನೆರಡಕ್ಕೆ ಕೊಡ್ತೀನಿ, ನೀವು ಬಿಸ್ಕತ್ತು ತರಿಸಿ."

ಹತ್ತಕ್ಕೆ ಕಾಫಿಗೆ ಎದ್ದವಳು ಮೊಬೈಲು ಮರೆತು ಮೆಟ್ಟಿಲಿಂದ ವಾಪಸು ಬಂದಳು. ನೋಡಿದರೆ, ಆಫೀಸು ಗುಡಿಸಿ ಒರೆಸುವ ಲಕ್ಕಯ್ಯ ಅವಳ ಲ್ಯಾಪ್‌ಟಾಪ್ ಮಡಚಿ ಟವೆಲು ಹೊದಿಸುತ್ತಿದ್ದ.

"ಇದೇನ್ಮಾಡ್ತಿದೀರಿ ಲಕ್ಕಯ್ಯಣ್ಣ?"

"ಪಕ್ಕದ್ ಮಿಲ್ನಲ್ಲಿ ರಾಗಿ ಬೀಸ್ತಾರೆ ಕಣವ್ವ, ಇಟ್ಟು ಒಳೀಕ್ ಬತ್ತದೆ. ನೀವ್ ಎದ್ದೋದಾಗೆಲ್ಲ ಮುಚ್ಚಿ, ಬರೋ ಒತ್ಗೆ ಒರೆಸಿ ತಿರ್ಗ ಬಿಚ್ಚಿಡ್ತೀನಿ."

ಧನ್ಯಾಳಿಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿದರೆ ಆ ಹಳೇ ಯಂತ್ರ ಮಲಗಿಬಿಡುತ್ತದೆ, ಎಬ್ಬಿಸಿದರೆ ಸೂಚಿ ಮೊದಲಿನಿಂದ. ವಾರವಿಡೀ ಯಂತ್ರಕ್ಕೆ ಶಾಪ ಹಾಕಿದ್ದಳಲ್ಲ! ಆದರೂ ಅವನ ಕೈಲಿದ್ದ ಒಗೆದ ಟವೆಲು ನೋಡಿ ಬೈಯಲು ಬಾಯಿ ಬರಲಿಲ್ಲ. ಆದದ್ದನ್ನು ಬಿಡಿಸಿ ಹೇಳಿದಳು.

ಲಕ್ಕಯ್ಯ ಗೊರೂರು ನಾಲೆಯಲ್ಲಿ ಮೂವತ್ತು ವರ್ಷ ಗೇಟು ತಿರುಗಿಸಿ, ತೂಬುಗಳಿಂದ ಗದ್ದೆಗೆ ನೀರು ಬಿಟ್ಟು ರಿಟೈರಾದವನು. ಅವನ ಮುಖ ಸಣ್ಣದಾಯಿತು. "ಕೊನೆ ತೂಬಿಗೆ ನೀರ್ ಮುಟ್ಟೋ ಮುಂಚೇನೇ ಗೇಟ್ ಇಳ್ಸ್ಬುಟ್ನಲ್ಲ ನಾನು. ಒತ್ತಿಲ್ದಿದ್ದಾಗ ಬೆಳೆ ಇಲ್ದಿರೋ ತೂಬ್ನೆಲ್ಲ ಮುಚ್ತಿದ್ವಿ ಕಣವ್ವ, ನೀರು ಸೀದಾ ಕೊನೀಗ್ ಓಗೋದು."

ಧನ್ಯಾ ನಕ್ಕುಬಿಟ್ಟಳು. ಗೊತ್ತಿಲ್ಲದ ವಿದ್ಯೆಯೇನಲ್ಲ, ಅವಸರದಲ್ಲಿ ಹೊಳೆದಿರಲಿಲ್ಲ ಅಷ್ಟೆ. ಹಳೇ ಪ್ರಾಜೆಕ್ಟುಗಳನ್ನು, ಈ ಕೆಲಸಕ್ಕೆ ಬೇಡದ ಲೈಬ್ರರಿಗಳನ್ನು ಒಂದೊಂದಾಗಿ ಇಂಡೆಕ್ಸಿಂಗ್‌ನಿಂದ ಹೊರಗಿಟ್ಟಳು. ಲಕ್ಕಯ್ಯ ಕಿಟಕಿಗೆ ಒದ್ದೆ ಪಂಚೆ ಕಟ್ಟಿ, ಕುರ್ಚಿ ಎಳೆದುಕೊಂಡು ಯಂತ್ರಕ್ಕೆ ಕಾವಲು ಕೂತ. ಹನ್ನೊಂದಕ್ಕೆಲ್ಲ ನೂರು ಪರ್ಸೆಂಟು. ಹುಡುಕಿದರೆ ಸಿಕ್ಕಿದ್ದು ಹದಿನಾಲ್ಕು ಜಾಗ. ಕೀರ್ತಿರಾಜ್ ಬಗ್ಗಿ ಎರಡು ಸಲ ಎಣಿಸಿ, ಬಿಸ್ಕತ್ತು ತರಲು ತಾನೇ ಹೋದ.

ಧನ್ಯಾ ಹದಿನಾಲ್ಕನ್ನೂ ತಿದ್ದಿ ಮುಗಿಸಿದ ಮೇಲೆ, ಹನ್ನೆರಡಕ್ಕೆ ಬಂದ ಸಂಘದ ಅಧ್ಯಕ್ಷೆ ಶಿವಗಂಗಮ್ಮ ತಮ್ಮದೇ ಸದಸ್ಯ ನಂಬರು ಒತ್ತಿ ನೋಡಿದರು. ಬೆಳಗಿನ ಹಾಲು ಬೆಳಗಿಗೆ, ಸಂಜೆಯದು ಸಂಜೆಗೆ ಕೂತಿತ್ತು.

"ಸರಿಯಾಗೈತೆ. ಇಲ್ಲೇ ಮಾಡ್ಸನ ಬಿಡಿ. ಮಾಡ್ದೋರ್ ಯಾರು?"

"ನಾನೇ ಅಮ್ಮ," ಎಂದಳು ಧನ್ಯಾ ತಲೆಯೆತ್ತಿ. ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಲಕ್ಕಯ್ಯನತ್ತ ಕೈ ತೋರಿಸಿ, "ಗೇಟ್ ನೋಡ್ಕೊಂಡೋರು ಇವ್ರು" ಎಂದಳು.

ಶಿವಗಂಗಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಲಕ್ಕಯ್ಯ ಬಂದವರನ್ನೆಲ್ಲ ದಾಟಿಕೊಂಡು ಹೋಗಿ, ತಟ್ಟೆಯನ್ನು ಮೊದಲು ಧನ್ಯಾಳ ಮುಂದೆ ಹಿಡಿದ.