ಐದು ವರ್ಷ ಯಾರೂ ಕೇಳದ ಪ್ರಬಂಧ

"ಎಲ್ಲಾ ಸರಿಯಿದೆ ಮೇಡಂ, ಪ್ರಬಂಧ ಒಂದಿಲ್ಲ," ಎಂದು ಪ್ರವೇಶ ವಿಭಾಗದ ಗುಮಾಸ್ತ ಕಾಗದದ ಕಟ್ಟನ್ನು ಕಿಂಡಿಯಿಂದ ಹೊರಕ್ಕೆ ತಳ್ಳಿದ.

ಕತ್ತರಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಾಹಿತಿ ವಿಜ್ಞಾನದ ಪಿಎಚ್‌ಡಿಗೆ ಅರ್ಜಿ ಹಾಕುವುದೆಂದರೆ ಸುಮ್ಮನೆ ಮಾತೇ? ಅಂಕಪಟ್ಟಿ, ಪಾಠ ಹೇಳಿದ ಇಬ್ಬರ ಶಿಫಾರಸು, ಕೆಲಸದ ಅನುಭವಕ್ಕೊಂದು ಪತ್ರ, ಮುಂದೆ ಏನು ಸಂಶೋಧನೆ ಮಾಡುತ್ತೀರಿ ಎಂಬುದಕ್ಕೊಂದು ಟಿಪ್ಪಣಿ. ಇಷ್ಟನ್ನು ಹೊಂದಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. ಈಗ ನೋಡಿದರೆ ಸ್ನಾತಕೋತ್ತರ ಪದವಿಗೆ ಬರೆದ ಪ್ರಬಂಧದ ಪ್ರತಿಯೂ ಬೇಕಂತೆ.

"ಪ್ರಬಂಧಕ್ಕೆ ಮಾರ್ಕ್ಸ್ ಹಾಕಿದಾರಲ್ಲ ಸಾರ್, ನೋಡಿ ಇಲ್ಲಿ. ಬರೀದೇ ಇದ್ರೆ ಹಾಕ್ತಿದ್ರಾ?"

"ಸಮಿತಿಯವರು ಮಾರ್ಕ್ಸ್ ಓದಲ್ಲ, ಪ್ರಬಂಧ ಓದ್ತಾರೆ. ನಾಳೆ ಸಂಜೆ ಕಿಂಡಿ ಮುಚ್ಚೋದ್ರೊಳಗೆ ತನ್ನಿ. ಮುಂದಿನ ವರ್ಷದಿಂದ ಇಷ್ಟು ಹಳೇ ಡಿಗ್ರಿ ನಡೆಯಲ್ಲ." ಆಮೇಲೆ ಅವನೇ ನಕ್ಕ. "ಅಲ್ಲಾ, ನೀವೇ ಲೈಬ್ರರಿಯವರು. ನಿಮಗ್ಯಾಕೆ ಚಿಂತೆ?"

ಅದೂ ನಿಜವೇ. ಅವಳ ಕೆಲಸ ಇದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಪ್ರತಿಯೊಬ್ಬರ ಪ್ರಬಂಧದ ಒಂದು ಪ್ರತಿ ಅಲ್ಲಿನ ನೆಲಮಾಳಿಗೆಗೆ ಹೋಗಿ ಸೇರುತ್ತದೆ. ತನ್ನ ಬೀರುವಿನಿಂದ ಸೀರೆ ತೆಗೆದಷ್ಟು ಸುಲಭ ಎಂದುಕೊಂಡು ಅವಳು ಹೊರಟಳು.

ಈ ಪಿಎಚ್‌ಡಿ ಅವಳ ಪಾಲಿಗೆ ಇಂದು ನಿನ್ನೆಯ ಆಸೆಯಲ್ಲ. ಮದುವೆಯಾಯಿತು, ಮುಂದೂಡಿದಳು. ಮಗಳು ಹುಟ್ಟಿದಳು, ಮುಂದೂಡಿದಳು. ಅತ್ತೆ ಹಾಸಿಗೆ ಹಿಡಿದರು, ಮತ್ತೆ ಮುಂದೂಡಿದಳು. ಅಷ್ಟರಲ್ಲಿ ಅವಳ ಕೈಕೆಳಗೆ ಕೆಲಸ ಕಲಿತವರೆಲ್ಲ ಡಾಕ್ಟರೇಟು ಮಾಡಿಕೊಂಡು ಅವಳ ತಲೆಯ ಮೇಲೆ ಬಂದು ಕೂತರು. ಅವರಿಗೆ ನಮಸ್ಕಾರ ಹೇಳಿ ಹೇಳಿ ಅವಳಿಗೆ ರೋಸಿಹೋಗಿತ್ತು.

ಕತ್ತರಿ ಅಕ್ಕ ಎಂಬ ಹೆಸರು ಬಂದದ್ದೂ ಆ ಪ್ರಬಂಧದಿಂದಲೇ. ಐದು ವರ್ಷ ಯಾರೂ ಕೇಳದ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಬೇಕು, ಯಾವ ಮುಲಾಜೂ ಇರಬಾರದು ಎಂಬುದು ಅದರ ಸಾರ. ಜಾಗವಿಲ್ಲದೆ ಒದ್ದಾಡುತ್ತಿದ್ದ ಗ್ರಂಥಾಲಯದವರು ಅದನ್ನೇ ನಿಯಮ ಮಾಡಿ, ಅವಳನ್ನೇ ಕೆಲಸಕ್ಕೂ ತೆಗೆದುಕೊಂಡಿದ್ದರು. ಅಂದಿನಿಂದ ಅವಳು ಕತ್ತರಿಸುತ್ತಲೇ ಬಂದಿದ್ದಳು.

ನೆಲಮಾಳಿಗೆಯಲ್ಲಿ ಹಳೇ ಅಂಟಿನ ವಾಸನೆ. ಈ ಸಲ ತೆಗೆದುಹಾಕಿದ ಪುಸ್ತಕಗಳು ಮೂಲೆಯಲ್ಲಿ ಗೋಣಿಚೀಲ ತುಂಬಿಕೊಂಡು ಮರುದಿನದ ರದ್ದಿ ಲಾರಿಗಾಗಿ ಕಾದಿದ್ದವು. ಪ್ರಬಂಧಗಳನ್ನು ನೋಡಿಕೊಳ್ಳುವ ಸಹಾಯಕ ಎರಡು ಕಪಾಟು ತಡಕಾಡಿ, ಕತ್ತು ಕೆರೆದುಕೊಳ್ಳುತ್ತ ಬಂದ.

"ಅಕ್ಕಾ, ಬೈಬೇಡಿ. ಹೋದ ವರ್ಷವೇ ಹೋಯ್ತು ಅದು."

"ಎಲ್ಲಿಗೆ ಹೋಯ್ತು?"

"ಲಾರಿಗೆ. ಹೋದ ವರ್ಷದಿಂದ ಪ್ರಬಂಧಗಳಿಗೂ ನಿಮ್ಮ ನಿಯಮ ಬಂತಲ್ಲ. ಐದು ವರ್ಷ ಯಾರೂ ಕೇಳಿರಲಿಲ್ಲ."

"ನನ್ನ ಪ್ರಬಂಧ ಕಣೋ ಅದು! ಮೇಲೆ ನನ್ನ ಹೆಸರಿರಲಿಲ್ವಾ? ಕಣ್ಣು ಏನು ಮಾಡ್ತಿತ್ತು ನಿಂದು?"

"ಹೆಸರು ನೋಡೇ ನಿಮಗೆ ಫೋನ್ ಮಾಡಿದ್ದೆ ಅಕ್ಕ, ಇಲ್ಲೊಂದು ಗೊತ್ತಿರೋರ ಪ್ರಬಂಧ ಇದೆ ಅಂತ. ಪೂರ್ತಿ ಹೇಳೋಕೆ ಬಿಟ್ರಾ? ಯಾರದ್ದಾದ್ರೂ ಆಗ್ಲಿ, ಮುಖ ನೋಡ್ತಾ ಕೂತ್ರೆ ಕೆಲಸ ಆಗಲ್ಲ, ತೆಗಿ ಆಚೆ ಅಂತ ಗದರಿದ್ರಿ."

ಗದರಿದ್ದು ಹೌದು. ಅವಳಿಗೆ ಚೆನ್ನಾಗಿಯೇ ನೆನಪಿತ್ತು.

"ಯಾರೂ ಕೇಳಿಲ್ಲ ಅಂದ್ರೆ? ಈಗ ನಾನು ಕೇಳ್ತಿದೀನಲ್ಲೋ!"

ಮಾತು ಬಾಯಿಂದ ಬಿದ್ದದ್ದೇ ತಡ, ಅವಳಿಗೆ ಗಡಿಯಾರದ ಯಜಮಾನರು ನೆನಪಾದರು. ಗೋಡೆ ಗಡಿಯಾರ ರಿಪೇರಿಯ ಒಂದು ಹಳೇ ಪುಸ್ತಕ ಹುಡುಕಿಕೊಂಡು ಬಂದಿದ್ದ ಮುದುಕರು. ಐದು ವರ್ಷದಿಂದ ಯಾರೂ ಕೇಳಿರಲಿಲ್ಲ ಯಜಮಾನ್ರೇ, ತೆಗೆದುಬಿಟ್ವಿ ಎಂದಿದ್ದಳು ಅವಳು. "ಈಗ ನಾನು ಕೇಳ್ತಿದೀನಲ್ಲಮ್ಮ," ಎಂದಿದ್ದರು ಅವರು. ಅದನ್ನು ಅವಳು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಅಣಕಿಸಿ ನಗಿಸಿದ್ದಳು. ಈಗ ನೆನೆದರೆ ನಾಚಿಕೆಯಾಯಿತು.

ನಾಚಿಕೊಳ್ಳುತ್ತ ಕೂರಲು ಪುರುಸೊತ್ತೆಲ್ಲಿ? ಅಂದಿನ ಕಂಪ್ಯೂಟರ್ ಕೆಟ್ಟು, ಅದರಲ್ಲಿದ್ದದ್ದೆಲ್ಲ ಯಾವತ್ತೋ ಹೋಗಿತ್ತು. ಗಂಡನಿಗೆ ಫೋನ್ ಮಾಡಿದಳು.

"ರೀ, ಅಟ್ಟದ ಮೇಲೆ ನನ್ನ ಪ್ರಬಂಧ ಇತ್ತಲ್ಲ?"

"ಇತ್ತು. ಮನೆ ಬದಲಾಯಿಸುವಾಗ ನೀನೇ ರದ್ದಿಗೆ ಹಾಕಿದೆ. ಇರಲಿ ಬಿಡೇ ಅಂತ ಬಡ್ಕೊಂಡೆ. ಯಾವತ್ತಾದ್ರೂ ತೆಗೆದು ನೋಡಿದೀರಾ ಅಂತ ನನಗೇ ತಿರುಗಿ ಬಿದ್ದೆ."

ಉಳಿದವರು ಗುರುಗಳು. ಅವಳಿಗೆ ಮಾರ್ಗದರ್ಶನ ಮಾಡಿದ್ದವರು, ಈಗ ನಿವೃತ್ತರು. ಅವರ ದನಿ ಎಂದಿನಂತೆ ಅಕ್ಕರೆಯಿಂದ ತುಂಬಿತ್ತು. "ನಿನ್ನ ನಿಯಮ ಬಂಗಾರ ಕಣಮ್ಮ! ನಿವೃತ್ತಿಯಾದ ಮೇಲೆ ಮನೆ ಕಪಾಟಿಗೂ ಅದನ್ನೇ ಹಾಕಿದೆ. ಎಲ್ಲಾ ಖಾಲಿ. ಈಗ ಅಲ್ಲಿ ಮೊಮ್ಮಗನ ಆಟದ ಸಾಮಾನು ಇಟ್ಟಿದೀವಿ."

ಅವಳು ಥ್ಯಾಂಕ್ಸ್ ಸಾರ್ ಎಂದು ಫೋನಿಟ್ಟಳು. ಬರೆದವಳು ಅವಳು, ನಿಯಮ ಅವಳದು, ತೆಗಿ ಎಂದ ಬಾಯಿಯೂ ಅವಳದೇ. ಬೈಯುವುದಕ್ಕೂ ಒಬ್ಬರು ಸಿಗಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು.

ಮರುದಿನ ಮಧ್ಯಾಹ್ನ ಮತ್ತೆ ಅದೇ ಕಿಂಡಿ, ಅದೇ ಗುಮಾಸ್ತ.

"ಸಾರ್, ಬರೆದವಳು ನಾನೇ. ಒಂದು ವಾರ ಕೊಡಿ, ಕೂತು ಮತ್ತೆ ಬರೆದುಕೊಡ್ತೀನಿ."

"ಮತ್ತೆ ಬರೆದ್ರೆ ಅದು ಹೊಸಾದಾಗುತ್ತೆ ಮೇಡಂ. ನಮಗೆ ಹಳೇದೇ ಬೇಕು."

"ಡಿಗ್ರಿ ಹಳೇದಾದ್ರೆ ಆಗಲ್ಲ, ಪ್ರಬಂಧ ಮಾತ್ರ ಹಳೇದೇ ಆಗ್ಬೇಕಾ? ಇದ್ಯಾವ ನ್ಯಾಯ ಸಾರ್?"

"ನನ್ನ ಮೇಲೆ ಯಾಕೆ ರೇಗ್ತೀರಿ? ನಿಯಮ ಮಾಡಿದ್ದು ನಾನಾ?" ಎಂದ ಅವನು.

ನಿಯಮ ಮಾಡಿದವಳು ಕಿಂಡಿಯ ಈಚೆ ನಿಂತಿದ್ದಾಳೆಂದು ಅವನಿಗೇನು ಗೊತ್ತು? ಅವಳು ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದಳು, ಯಾರಿಗಾದರೂ ಕರುಣೆ ಬಂದೀತೆಂದು. ಯಾರಿಗೂ ಬರಲಿಲ್ಲ. ಸಂಜೆ ಕಿಂಡಿಯ ಪುಟ್ಟ ಬಾಗಿಲು ಟಪ್ಪೆಂದು ಮುಚ್ಚಿತು. ಇಷ್ಟು ವರ್ಷ ಮುಂದೂಡಿದ್ದು ಇನ್ನು ಮುಂದೂಡಲಿಕ್ಕೂ ಇಲ್ಲದಂತೆ ಮುಗಿದುಹೋಯಿತು.

ಗ್ರಂಥಾಲಯದ ಹಿತ್ತಲಿಗೆ ಬಂದಾಗ ಲಾರಿ ನಿಂತಿತ್ತು. ಸಹಾಯಕ ಓಡಿಬಂದ.

"ಎಲ್ಲಿ ಹೋಗಿದ್ರಿ ಅಕ್ಕ? ನೀವು ಹೂಂ ಅನ್ನದೆ ಲೋಡ್ ಮಾಡೋ ಹಾಗಿಲ್ಲ. ಡ್ರೈವರ್ ಆಗಲಿಂದ ಗೊಣಗ್ತಿದಾನೆ."

ಅವಳು ಹತ್ತಿರದ ಚೀಲವನ್ನು ಸಿಟ್ಟಿನಿಂದ ಒದ್ದಳು. ಬೆರಳಿಗೆ ನೋವಾಯಿತು, ಚೀಲ ಅಲುಗಲಿಲ್ಲ.

"ಲಾರಿ ಕಳಿಸು. ಚೀಲ ಬಿಚ್ಚು."

"ಎಲ್ಲಾನೂ ವಾಪಸ್ ಇಡೋದಾ? ಜಾಗ ಎಲ್ಲಿದೆ ಅಕ್ಕ? ಇವನ್ನ ಯಾರೂ ಕೇಳಿಲ್ಲ!"

ಅವಳು ನೆಲದ ಮೇಲೇ ಕೂತು ಮೊದಲ ಗಂಟಿಗೆ ಕೈ ಹಾಕಿದಳು. ಹುರಿ ಬಿಗಿಯಾಗಿತ್ತು, ಉಗುರು ಮುರಿಯಿತು.

"ಇನ್ನೂ ಕೇಳಿಲ್ಲ ಅನ್ನೋ," ಎಂದಳು. "ಕತ್ತರಿ ಇದ್ರೆ ತಗೊಂಬಾ."