ದೊಡ್ಡಬಸಮ್ಮನ ಕೆಮ್ಮಣ್ಣು

ಶಾಗ್ಯ ಊರಿನ ಸುತ್ತಮುತ್ತ ಯಾರಿಗೆ ಸರ್ಪಸುತ್ತಾದರೂ ದೊಡ್ಡಬಸಮ್ಮನ ಮನೆಗೇ ಬರುತ್ತಿದ್ದರು. ಸೊಂಟದಲ್ಲೋ ಎದೆಯ ಪಕ್ಕದಲ್ಲೋ ಸಾಲಾಗಿ ಗುಳ್ಳೆ ಎದ್ದು ಉರಿಯುವಾಗ ಆಕೆ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದಳು. ಅತ್ತೆಯಿಂದ ಬಂದ ಕೈಗುಣ ಅದು ಎಂದು ಅವಳೂ ನಂಬಿದ್ದಳು, ಊರೂ ನಂಬಿತ್ತು.

ನಾಲ್ಕು ವರ್ಷದ ಹಿಂದೆ ಅವಳ ಮಗ ಶಾಂತರಾಜುವಿಗೇ ಸರ್ಪಸುತ್ತಾಯಿತು. ಮೂವತ್ತೆರಡರ ಗಟ್ಟಿ ಆಳು, ಕುಂತೂರಿನ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವವನು. ತಾಯಿ ಕೆಮ್ಮಣ್ಣು ಹಚ್ಚಿದಳು. ಮೂರು ವಾರದಲ್ಲಿ ಗುಳ್ಳೆ ಒಣಗಿತು, ಎಲ್ಲರೂ ಮರೆತರು.

ಮಾರನೆಯ ವರ್ಷ ತಿಂಗಳುಗಟ್ಟಲೆ ಭೇದಿ. ಅಂಗಡಿಯ ಮಾತ್ರೆ ನುಂಗಿದ. ಆಮೇಲೆ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. "ಉಷ್ಣ ಕಣ್ಲಾ" ಎಂದು ತಾಯಿ ಮಜ್ಜಿಗೆ ಕುಡಿಸಿದಳು. ಸರ್ಪಸುತ್ತಾದ ಮೂರನೆಯ ವರ್ಷಕ್ಕೆ ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ. ಮಗ ಕೈತಪ್ಪಿ ಹೋಗುತ್ತಾನೆಂದು ದೊಡ್ಡಬಸಮ್ಮನಿಗೆ ದಿಗಿಲು. ಬಾಯಲ್ಲಿ ಮಾತ್ರ ದೃಷ್ಟಿ, ಗಾಳಿ ಎನ್ನುತ್ತಿದ್ದಳು.

ಆಶಾ ಕಾರ್ಯಕರ್ತೆ ಪ್ರೇಮಾ ಬಂದು, ಒಳಗೆ ಕೂತು, ಎಲ್ಲವನ್ನೂ ಕೇಳಿಸಿಕೊಂಡಳು.

"ದೊಡ್ಡವ್ವ, ನೀವು ಒಂದೊಂದ್ನೂ ಬ್ಯಾರೆ ಬ್ಯಾರೆ ಕಾಯ್ಲೆ ಅಂತ ನೋಡಿದ್ದೀರಿ. ಎಲ್ಲಾ ಸೇರ್ಸಿ ನೋಡಿ. ಕಫ ಪರೀಕ್ಷೆ ಮಾಡ್ಸಣ, ರಕ್ತದಲ್ಲಿ ಎಚ್‌ಐವಿ ಪರೀಕ್ಷೆನೂ ಮಾಡ್ಸಣ."

ದೊಡ್ಡಬಸಮ್ಮನ ಮುಖ ಕಪ್ಪಿಟ್ಟಿತು. "ನನ್ ಮಗ ಅಂತವನಲ್ಲ ಕಣವ್ವಾ. ಆ ರೋಗ ಇದ್ದಿದ್ರೆ ಇಷ್ಟು ವರ್ಸ ಕಬ್ಬು ಸಾಗಿಸ್ತಿದ್ನಾ?"

"ಅಂತವ್ನು ಇಂತವ್ನು ಅನ್ನೋ ಮಾತೇ ಬ್ಯಾಡ. ಆ ವೈರಸ್ ಮೈಯೊಳ್ಗೆ ಎಷ್ಟೋ ವರ್ಸ ಸುಮ್ಕಿರ್ತದೆ. ನೋಡಾಕೆ ಆರೋಗ್ಯವಾಗೇ ಇರ್ತಾರೆ. ಒಳಗೊಳಗೇ ಶಕ್ತಿ ಕುಗ್ತದೆ. ಆಗ ಒಂದ್ಸಲ ಸರ್ಪಸುತ್ತು, ಒಂದ್ಸಲ ಭೇದಿ, ಬಾಯಲ್ಲಿ ಬಿಳುಪು, ಆಮ್ಯಾಕೆ ಟಿಬಿ. ಇವೆಲ್ಲಾ ಬ್ಯಾರೆ ಕಾರಣಕ್ಕೂ ಬತ್ತವೆ. ಪರೀಕ್ಷೆ ಮಾಡಿಸ್ದೆ ತಿಳಿಯಲ್ಲ."

"ಆ ಸರ್ಪಾನ ನಾನೇ ವಾಸಿ ಮಾಡ್ದೆ."

"ಗುಳ್ಳೆ ಅದರ ಪಾಡಿಗೆ ಅದು ಒಣಗ್ತು ದೊಡ್ಡವ್ವ. ಒಳಗಿರೋದು ಒಳಗೇ ಉಳೀತೋ ಏನೋ."

ಅಷ್ಟು ಹೊತ್ತೂ ಗೋಡೆಗೊರಗಿದ್ದ ಶಾಂತರಾಜು ಎದ್ದ. "ಓಗಣ ನಡಿ ಅಕ್ಕ. ನಂಗೂ ಸಾಕಾಗೋಗದೆ."

ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಪತ್ತೆಯಾದವು, ಟಿಬಿ ಮತ್ತು ಎಚ್‌ಐವಿ. ಹೆಂಡತಿ ಕೋಮಲಾಳೂ ಪರೀಕ್ಷೆ ಮಾಡಿಸಿಕೊಂಡಳು, ಅವಳಿಗೆ ಸೋಂಕಿರಲಿಲ್ಲ. ಮೊದಲು ಟಿಬಿ ಔಷಧ, ಕೆಲವು ವಾರದಲ್ಲಿ ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆಯೂ ಶುರುವಾಯಿತು. ತಾಯಿಗೆ ಶಾಂತರಾಜುವೇ ಹೇಳಿದ. ಅವಳು ಮಗನ ಕೈ ಹಿಡಿದು ಬಹಳ ಹೊತ್ತು ಅತ್ತಳು.

"ಅವತ್ತೇ ಆಸ್ಪತ್ರೆಗೆ ಕಳ್ಸಿದ್ರೆ ಇಷ್ಟು ಸೊರಗ್ತಿರ್ಲಿಲ್ಲ ಕಣಪ್ಪಾ. ನಾನೇ ಮಣ್ಣು ಮುಚ್ಚಿ ಕೂತೆ."

"ಈಗ ತಿಳೀತಲ್ಲವ್ವ. ಬುಡು" ಎಂದ ಶಾಂತರಾಜು.

ಎಂಟು ತಿಂಗಳಾಯಿತು. ಟಿಬಿ ವಾಸಿಯಾಗಿದೆ. ಶಾಂತರಾಜು ದಿನಾ ಮಾತ್ರೆ ನುಂಗಿ ಟ್ರ್ಯಾಕ್ಟರ್ ಹತ್ತುತ್ತಾನೆ.

ಕಳೆದ ವಾರ ಅಜ್ಜೀಪುರದಿಂದ ಒಬ್ಬ ಯುವಕ ಬಂದು ಅಂಗಿ ಎತ್ತಿ ಸೊಂಟ ತೋರಿಸಿದ. ಸರ್ಪಸುತ್ತು. ದೊಡ್ಡಬಸಮ್ಮ ಕೆಮ್ಮಣ್ಣಿನ ಡಬ್ಬಿಯತ್ತ ನೋಡಲೇ ಇಲ್ಲ.

"ನಾನು ಮಣ್ಣು ಅಚ್ಚಲ್ಲ ಮಗಾ. ಒಂದ್ಸಲ ತಪ್ಪು ಮಾಡಿವ್ನಿ. ನಿಂಗೆ ದೊಡ್ಡ ರೋಗ ಅದೆ ಅಂತಲ್ಲ, ಡಾಕ್ಟ್ರಿಗೆ ತೋರ್ಸಿ ರಕ್ತ ಪರೀಕ್ಷೆ ಮಾಡಿಸ್ಕೊ. ನಡಿ, ಬಸ್ ಅತ್ತಿಸ್ತೀನಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಂದು ಕಾಯಿಲೆ ಹೋಗಿ ಇನ್ನೊಂದು ಬರುತ್ತಿದೆಯೇ? ತೂಕ ಇಳಿಯುತ್ತಿದೆಯೇ? ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ನಿಮ್ಮ ಗುಟ್ಟು ಅಲ್ಲೇ ಉಳಿಯುತ್ತದೆ, ಮಾತ್ರೆಯೂ ಉಚಿತ. ದಿನವೂ ತಪ್ಪದೆ ನುಂಗಿದರೆ ಎಲ್ಲರಂತೆ ಬಾಳಬಹುದು. ಜೊತೆಗೆ ಕೂತು ಉಂಡರೆ ಎಚ್‌ಐವಿ ಹರಡುವುದಿಲ್ಲ. ದೊಡ್ಡಬಸಮ್ಮ ಮೂರು ವರ್ಷ ತಡಮಾಡಿದಳು. ನೀವು ನಾಳೆಯ ಬಸ್ಸಿಗೇ ಹೊರಡಿ.