ನೆಟ್ಟಗಾಗದ ಮಂಡಿ

"ಇನ್ನೊಂಚೂರು ಒತ್ತು. ಬುಡ್ಬ್ಯಾಡ ಕಣ್ಲಾ," ಎಂದರು ನಾರಾಯಣಸ್ವಾಮಿ.

ನೆರೆಮನೆಯ ಮುನೀಂದ್ರ ಹೆಣದ ಬಲಮಂಡಿಯ ಮೇಲೆ ಎರಡೂ ಅಂಗೈ ಊರಿ ಭಾರ ಬಿಟ್ಟ. ಬಿಸಿನೀರು ಹುಯ್ದಾಗಿತ್ತು, ಹರಳೆಣ್ಣೆ ತಿಕ್ಕಿಯಾಗಿತ್ತು. ಮಂಗಮ್ಮನ ಕಾಲು ಜಗ್ಗಲಿಲ್ಲ. ಮತ್ತೆ ಒತ್ತಿದಾಗ ಒಳಗೆ ಏನೋ ಲಟಕ್ಕೆಂದಿತು. ಅಳುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ಮುನೀಂದ್ರಣ್ಣ, ಕೈ ತೆಗಿ!"

ಮಗಳು ಶರ್ಮಿಳಾ ನುಗ್ಗಿ ಬಂದು ತಾಯಿಯ ಕಾಲಿಗೆ ಅಡ್ಡ ಕೂತಳು.

ಹೊಸೂರು ಸೀಮೆಯ ತಳಿ ಪಟ್ಟಣದ ಮಗ್ಗುಲಿನ ಆ ಊರಿನಲ್ಲಿ ಹೆಣವನ್ನು ನೆಟ್ಟಗೆ ಮಲಗಿಸಿ, ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿ, ಚಟ್ಟದಲ್ಲಿ ಒಯ್ದು ಹೂಳುವುದು ವಾಡಿಕೆ. ಮಂಗಮ್ಮನ ಮಂಡಿಗಳೋ, ಕೀಲುವಾತಕ್ಕೆ ಸಿಕ್ಕಿ ಎಷ್ಟೋ ವರ್ಷದಿಂದ ಮಡಿಚಿಕೊಂಡೇ ಇದ್ದವು.

"ಏನಮ್ಮಣ್ಣಿ ಇದು? ಹೋದೋಳ್ಗೆ ನೋವಾದಾತಾ?" ನಾರಾಯಣಸ್ವಾಮಿ ಮನೆಗೆ ಹಿರಿಯರು, ಮಂಗಮ್ಮನ ಗಂಡ ಆವುಲಪ್ಪನ ಅಣ್ಣ.

"ನಂಗಾಯ್ತದೆ ದೊಡ್ಡಪ್ಪ."

"ಕಾಲು ಮಡಿಸ್ಕೊಂಡು ಹೋದೋರು ಎದ್ದು ಬತ್ತಾರೆ. ಊರಿಗೆ ಒಳ್ಳೇದಲ್ಲ."

ಮಂಗಮ್ಮನ ತಂಗಿ ಗೋವಿಂದಮ್ಮ ಮೂಗೊರೆಸಿಕೊಂಡಳು. "ಬದ್ಕಿದ್ದಾಗ ಬಚ್ಚಲ್ಗೆ ಎದ್ದು ಹೋಗಾಕಾಗ್ಲಿಲ್ಲ ನಮ್ಮಕ್ಕಂಗೆ. ಈಗ ಎದ್ದು ಬತ್ತಾಳಾ? ಬರ್ಲಿ ಬುಡಿ ಭಾವ, ಕಾಫಿ ಕಾಯ್ಸಿ ಕೊಡ್ತೀನಿ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ನಾರಾಯಣಸ್ವಾಮಿಯ ಮುಖ ಬಿಗಿಯಿತು.

"ಲೇ ಆವುಲಾ, ನೀನೇ ಹೇಳು. ನೆಟ್ಟಗೆ ಮಾಡ್ದಿದ್ರೆ ನಾನಾಗ್ಲಿ ನನ್ ಮಕ್ಳಾಗ್ಲಿ ಹೆಗಲು ಕೊಡಾಕಿಲ್ಲ."

ಆವುಲಪ್ಪ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಅಣ್ಣನ ಮಾತಿಗೆ ಎದುರಾಡಿದ್ದು ಅವನ ಬಾಳಿನಲ್ಲೇ ಇರಲಿಲ್ಲ.

*

ಮಂಗಮ್ಮ ಬದುಕಿದ್ದಾಗಿನ ಒಂದು ಶುಕ್ರವಾರ. ಮಾರನೆಯ ದಿನ ಬೇಟರಾಯಸ್ವಾಮಿಗೆ ಒಪ್ಪಿಸುವ ಹಾರವನ್ನು ಮಂಗಮ್ಮ ಕೂತಲ್ಲೇ ಕಟ್ಟುತ್ತಿದ್ದಳು. ಸೊಟ್ಟಗಾದ ಬೆರಳುಗಳಲ್ಲಿ ಸೇವಂತಿಗೆ ನಿಧಾನವಾಗಿ ಬಾಳೆನಾರಿಗೆ ಸೇರುತ್ತಿತ್ತು. ಹೊಸೂರಿನ ಡಾಕ್ಟರು ಮಂಡಿಯಿಂದ ನೀರು ತೆಗೆದು ಎರಡು ದಿನವಾಗಿತ್ತು.

"ಅದ್ರೊಳ್ಗೆ ಏನೈತೆ ಮಗಾ? ನೀನು ಓದಾದು ಅದೇ ಅಲ್ವಾ?"

ಶರ್ಮಿಳಾ ಕೃಷ್ಣಗಿರಿಯ ಕಾಲೇಜಿನಲ್ಲಿ ಜೀವರಸಾಯನ ಪಾಠ ಹೇಳುತ್ತ, ಕೀಲಿನ ನೀರಿನ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು.

"ಮಂಡಿಯೊಳ್ಗೆ ಉದ್ದಕ್ಕೊಂದು ಸಕ್ಕರೆ ಎಳೆ ಇರುತ್ತಮ್ಮ. ತಿನ್ನೋ ಸಕ್ಕರೆ ಅಲ್ಲ, ಅದೇ ಜಾತೀದು. ರಕ್ತದಿಂದ ಇನ್ನೊಂದು ಗಿಡ್ಡ ಎಳೆ ಬತ್ತದೆ, ಪ್ರೋಟೀನು ಕಟ್ಕೊಂಡು. ಮಂಡಿ ಊದ್ಕೊಂಡಾಗ ಅಲ್ಲಿ ಒಂದು ಕೈ ಹುಟ್ಟುತ್ತೆ ಅಂದ್ಕೋ. ಅದೂ ಒಂದು ಪ್ರೋಟೀನೇ. ಗಿಡ್ಡ ಎಳೆ ಕಟ್ಕೊಂಡು ಬಂದ ಪ್ರೋಟೀನ ಅದ್ರಿಂದ ಬಿಡ್ಸಿ, ಒಂದು ಗಳಿಗೆ ತಾನು ಹಿಡ್ಕೊಂಡು, ಉದ್ದ ಎಳೆಗೆ ಕಟ್ಟುತ್ತೆ. ಆಮೇಲೆ ಬರಿಗೈ. ಮತ್ತೆ ಇನ್ನೊಂದು ಬಿಡ್ಸುತ್ತೆ."

ಮಂಗಮ್ಮ ತನ್ನ ಕೈ ನೋಡಿಕೊಂಡಳು. "ಒಂದು ಹಾರ ಬಿಚ್ಚಿ ಇನ್ನೊಂದು ನಾರಿಗೆ ಕಟ್ದಂಗೆ."

"ಹೂಂ, ಹಂಗೇ."

"ಒಳ್ಳೇದ್ಕೋ ಕೆಟ್ಟದ್ಕೋ?"

"ಗೊತ್ತಿಲ್ಲಮ್ಮ. ಕೀಲು ಕಾಪಾಡಾಕೆ ಅಂತ ಕೆಲವ್ರು, ಊತ ಉಳಿಯಾದೇ ಅದ್ರಿಂದ ಅಂತ ಕೆಲವ್ರು. ನಾವು ಅದನ್ನೇ ಹುಡುಕ್ತಿರಾದು."

"ಸ್ವಾಮಿಗಾದ್ರೂ ಗೊತ್ತಿರ್ತದೆ ಬುಡು," ಎಂದು ಮಂಗಮ್ಮ ಇನ್ನೊಂದು ಹೂವೆತ್ತಿಕೊಂಡಳು. "ಕಾಲು ಎಳುದ್ರೆ ಸರಿ ಹೋಗಾಕಿಲ್ಲ ಅಂತಾಯ್ತು."

ಹೊರಜಗಲಿಯಲ್ಲಿದ್ದ ಆವುಲಪ್ಪ ತಲೆ ತಗ್ಗಿಸಿದ. ಅಣ್ಣ ಹೇಳಿದರೆಂದು ನಾಟಿ ವೈದ್ಯನನ್ನು ಕರೆತಂದವನು ಅವನು. ವೈದ್ಯ ಕಾಲು ಎಳೆಯುವಾಗ ಅವಳ ಎರಡೂ ತೋಳು ಅದುಮಿ ಹಿಡಿದವನೂ ಅವನೇ. ಅವಳ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡಿತ್ತು.

"ಇನ್ ಯಾರ್ ಕೈಗೂ ಕೊಡ್ಬ್ಯಾಡ ನನ್ ಕಾಲ," ಎಂದಳು ಮಂಗಮ್ಮ, ಅವನತ್ತ ತಿರುಗದೆ.

"ಕೊಡಾಕಿಲ್ಲ ಕಣೇ."

*

"ಬಾಯಿ ಬುಡ್ಲಾ," ಎಂದರು ನಾರಾಯಣಸ್ವಾಮಿ. "ಒತ್ತಾದಾ ಬ್ಯಾಡ್ವಾ?"

ಆವುಲಪ್ಪ ಎದ್ದು ಬಂದ. ಲಟಕ್ಕೆಂದಿದ್ದ ಮಂಡಿಯ ಮೇಲೆ ಸೀರೆ ಸರಿಪಡಿಸಿದ.

"ಬ್ಯಾಡ. ನೀನು ಹೋಗಣ್ಣ."

"ಏನಂದೆ?"

"ಹೋಗು ಅಂದೆ."

ನಾರಾಯಣಸ್ವಾಮಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ಹಿಂದೆಯೇ ಅವರ ಗಂಡುಮಕ್ಕಳು ಚಪ್ಪಲಿ ಮೆಟ್ಟಿದರು. ಅಂಗಳ ಅರ್ಧ ಖಾಲಿಯಾಯಿತು.

"ಹೆಗಲು ಕೊಡೋರು?" ಎಂದಿತು ಒಂದು ದನಿ.

"ನಾನಿಲ್ವಾ? ಶರ್ಮಿಳಾ ಇಲ್ವಾ?" ಗೋವಿಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಗುಂಡಿ ತೋಡಿದ್ದವನೂ ಮುನೀಂದ್ರನೇ. ಅವನು ಇನ್ನೂ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ. "ಮಾವ, ನಾನು ಉದ್ದಕ್ಕೆ ತೆಗ್ದಿವ್ನಿ. ಮಂಡಿ ಮಡಿಸ್ಕೊಂಡು ಮಲಗಾಕೆ ಅಗಲ ಸಾಲಾಕಿಲ್ಲ. ಎಷ್ಟು ತೆಗೀಲಿ?"

ಆವುಲಪ್ಪ ಗುಂಡಿಯಿದ್ದ ಹೊಲದಂಚಿಗೆ ನಡೆದ. ಮುನೀಂದ್ರ ಗುದ್ದಲಿ ಹಿಡಿದು ಹಿಂದೆ ಬಂದ, ಅವನ ಹಿಂದೆ ಶರ್ಮಿಳಾ.

ಗುಂಡಿಯ ದಂಡೆಯಲ್ಲಿ ಆವುಲಪ್ಪ ಒಮ್ಮೆ ಕೈಮುಗಿದ. ಅಂಚು ಹಿಡಿದು ಜಾರಿ ಒಳಗಿಳಿದ. ಹಸಿಮಣ್ಣಿನ ಮೇಲೆ ಎಡಮಗ್ಗುಲಾಗಿ ಮಲಗಿ, ಅಂಗೈಯನ್ನು ಕೆನ್ನೆಯಡಿ ಇಟ್ಟುಕೊಂಡು, ಮಂಡಿ ಮಡಿಸತೊಡಗಿದ. ಸ್ವಲ್ಪ ಮಡಿಸಿ ತಡೆದ. ಅಲ್ಲವೆನ್ನುವಂತೆ ತಲೆಯಾಡಿಸಿ ಇನ್ನೂ ಎಳೆದುಕೊಂಡ. ಮಂಡಿಗಳು ಗುಂಡಿಯ ಗೋಡೆಗೆ ಒತ್ತಿ ಮಣ್ಣು ಉದುರಿತು.

"ಇಷ್ಟು," ಎಂದು ಕಣ್ಣು ಮುಚ್ಚಿದ. "ಗೀಚ್ಕೊಳ್ಲಾ."

ಮುನೀಂದ್ರ ಬಗ್ಗಿ, ಗುದ್ದಲಿಯ ಮೂಲೆಯಿಂದ ಆ ಮಂಡಿಗಳ ಸುತ್ತ ಮೆಲ್ಲಗೆ ಗೆರೆ ಎಳೆದ.